ಬಾಗಿಲ ಚೌಕಟ್ಟಿನ ಅಂಚಿನ ಬಿರುಕು

ಪ್ರಶ್ನೆ: ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಪುಟ್ಟಿ ತುಂಬಿ ಬಣ್ಣ ಬಳಿಸಿದರೂ ವರ್ಷದೊಳಗೆ ಬಿರುಕು ಕಾಣಿಸುತ್ತದೆ. ಪರಿಹಾರವೇನು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿ ಉಬ್ಬುವ ಮರವು ಬೇಸಿಗೆಯಲ್ಲಿ ಒಣಗಿ ಕುಗ್ಗುವುದರಿಂದ, ಗಟ್ಟಿಯಾದ ಪುಟ್ಟಿ ಅದರೊಂದಿಗೆ ಹಿಗ್ಗಲಾರದೆ ಸೀಳುತ್ತದೆ. ಹಳೆಯ ಪುಟ್ಟಿಯನ್ನು ಕೆರೆದು, ಧೂಳು ಒರೆಸಿ, ಪ್ರೈಮರ್ ಒಣಗಿದ ಮೇಲೆ, ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟನ್ನು (ಒಣಗಿದ ಮೇಲೂ ಹಿಗ್ಗಿ ಕುಗ್ಗಬಲ್ಲ, ಸಂದಿ ತುಂಬುವ ಅಂಟು) ಅದನ್ನು ಒತ್ತಿ ಹೊರಬಿಡುವ ಗನ್ನಿನಿಂದ ತೆಳ್ಳಗೆ ಎಳೆದು, ಒದ್ದೆ ಬೆರಳಿನಿಂದ ಕೂಡಲೇ ಸವರಿರಿ. ಅಂಗಡಿಯವರು ಸಾಮಾನ್ಯ ಸಿಲಿಕೋನ್ ಕೊಟ್ಟರೆ ದಯವಿಟ್ಟು ಹಿಂದಿರುಗಿಸಿ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಆಳವಾದ ಸಂದಿಯಾದರೆ ಮೊದಲು ಫೋಮ್ ಹುರಿಯನ್ನು ತುರುಕಬೇಕು. ಡಬ್ಬಿಯ ಮೇಲೆ ಎಷ್ಟೇ ಕಡಿಮೆ ಅವಧಿ ಬರೆದಿದ್ದರೂ ತೇವದ ದಿನಗಳಲ್ಲಿ 24 ಗಂಟೆಯಾದರೂ ಬಿಟ್ಟು ಬಣ್ಣ ಬಳಿಸಿ. ಸಾಧ್ಯವಾದರೆ ಈ ಕೆಲಸವನ್ನು ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ.