ಇನ್ಫಾತ್ತಿ ಎಲ್ಲಿ, ಚೊಯೆ ಎಲ್ಲಿ?

ನಿಮ್ಮ ಇಟಾಲಿಯನ್ ಪ್ರಬಂಧದಲ್ಲಿ ‘ಇನ್ಫಾತ್ತಿ’ ಎಂಬ ಪದ ಬಂದಲ್ಲೆಲ್ಲ ಕೆಂಪು ಗೆರೆ ಬಿದ್ದಿದೆ, ಏಕೆ ಎಂದು ಕೇಳಿದ್ದೀರಿ. ಕಾರಣ, ಬಹುಶಃ ಅದನ್ನು ಇಂಗ್ಲಿಷಿನ ‘ಇನ್ ಫ್ಯಾಕ್ಟ್’ ಎಂದುಕೊಂಡು ‘ಆದರೆ ನಿಜವಾಗಿ’ ಎನ್ನಬೇಕಾದಲ್ಲೂ ಬಳಸಿರುವುದು. ಪೂರ್ತಿ ಬರಹ ನೋಡದೆ ಇಷ್ಟೇ ಹೇಳಬಲ್ಲೆ. ಇನ್ಫಾತ್ತಿ ಹಿಂದಿನ ಮಾತನ್ನು ಸಮರ್ಥಿಸುತ್ತದೆ, ಅಲ್ಲಗಳೆಯುವುದಿಲ್ಲ: ‘ಮಾರ್ಕೊಗೆ ಹುಷಾರಿಲ್ಲ; ಇನ್ಫಾತ್ತಿ, ಇವತ್ತು ಕೆಲಸಕ್ಕೆ ಬಂದಿಲ್ಲ.’

ಮೊದಲು ಪ್ರತಿ ಇನ್ಫಾತ್ತಿಯ ಹಿಂದಿನ ವಾಕ್ಯ ಓದಿ. ಮುಂದಿನದು ಅದಕ್ಕೆ ಪುರಾವೆಯಾದರೆ ಹಾಗೇ ಬಿಡಿ. ಮಾತು ತಿರುಗಿದರೆ ‘ಇನ್ ರೆಯಾಲ್ತಾ’ (ಆದರೆ ನಿಜವಾಗಿ) ಹಾಕಿ. ಅದೇ ಮಾತನ್ನು ಬಿಡಿಸಿ ಹೇಳುತ್ತಿದ್ದರೆ ‘ಚೊಯೆ’ (ಅಂದರೆ). ಪ್ರಬಂಧದಲ್ಲಿ ಅದೇ ಅರ್ಥದ ‘ವಾಲೆ ಆ ದೀರೆ’ ನನಗೆ ಇನ್ನೂ ಇಷ್ಟ. ಪರಿಣಾಮ ಹೇಳುವಾಗ ‘ಕ್ವಿಂದಿ’ (ಆದ್ದರಿಂದ). ‘ಓವ್ವೆರೊ’ ಮಾತ್ರ ಸದ್ಯಕ್ಕೆ ಬೇಡ: ಸಾಮಾನ್ಯ ಬರಹದಲ್ಲಿ ‘ಅಂದರೆ’ ಎನ್ನುವ ಅದೇ ಪದ ಕಾನೂನು ಪತ್ರಗಳಲ್ಲಿ ‘ಅಥವಾ’ ಆಗಿಬಿಡುತ್ತದೆ.