ಕ್ಯೋಟೋಕ್ಕ ಇಳಕಲ್ಲ ಸೀರಿ ತರಾಕಿ ತಂಗಿಗೆ

ತಂಗಿ, ನೇಯ್ಗಿ ಕಲಿಯಾಕ ಕ್ಯೋಟೋಕ್ಕ ಹೊಂಟೀನಿ, ಅವ್ವನ ಎರಡು ಇಳಕಲ್ಲ ಸೀರಿ, ನಾಕು ಗುಳೇದಗುಡ್ಡ ಖಣ ತರಲೇನು, ಮನಿ-ಊಟದ್ದು ಹೆಂಗ ಅಂತ ಕೇಳೀದಿ. ನಾನೂ ಬಾಗಲಕೋಟಿಯಿಂದ ಅವ್ವನ ಸೀರಿ ಇಟ್ಟಕೊಂಡೇ ಇಲ್ಲಿ ಇಳಿದಾಕಿ.

ಮನಿ-ಊಟದ್ದು ಸಣ್ಣ ಮಾತು. ಮನಿ ಹಿಡಿದ 14 ದಿನದಾಗ ವಾರ್ಡ್ ಕಚೇರಿಗೆ ಹೋಗಿ ವಿಳಾಸ ಬರೆಸು, ಆರೋಗ್ಯ ವಿಮಾನೂ ಅಲ್ಲೇ. ಸುಡೂ ಕಸಕ್ಕ ಹಳದಿ ಚೀಲ, ಬಾಟ್ಲಿ-ಡಬ್ಬಿಗೆ ಆರಪಾರ ಕಾಣೂ ಚೀಲ. ಜೋಳಕ್ಕ ಇಲ್ಲಿ ತಕಾಕಿಬಿ ಅಂತಾರ. ಅದು ಹೆಚ್ಚಾಗಿ ಅಂಟಿನ ಜಾತಿ, ರೊಟ್ಟಿ ನಮ್ಮ ಹಂಗ ಏಳೂದಿಲ್ಲ. ಕಟಕ ರೊಟ್ಟಿ ಕಟ್ಟಿಸಿಕೊಂಡು ಬಾ.

ಸೀರಿ ಮಾತ್ರ ತಿಳಕೊಂಡು ತರಬೇಕು. ಒಡಲು ಹತ್ತಿ, ಸೆರಗು ರೇಷ್ಮಿ, ನಡುವ ಎರಡರ ಹಾಸಿನ ಎಳಿ ಕೂಡಿಸೂ ಕೊಂಡಿ. ನಮ್ಮೂರಿನ ಒಣ ಹವಾದಾಗ ಟ್ರಂಕಿನ್ಯಾಗ ವರ್ಷಗಟ್ಟಲೆ ಸುಮ್ಮನ ಇರತೈತಿ. ಇಲ್ಲಿ ಜೂನ್ ಮೊದಲಿನಿಂದ ಜುಲೈ ಮೂರನೇ ವಾರದ ತನಕ ತ್ಸುಯು ಮಳಿ. ಸೆಕಿ, ಥಂಡಿ (ಹವಾದಾಗಿನ ತೇವ) ಎರಡೂ ಕೂಡಿ ಅರಿವಿಗೆ ಬೂಸ್ಟ ಹಿಡಿಯತೈತಿ. ಮೊದಲು ಹಿಡಿಯೂದು ಗಂಜಿಗೆ. ಬೆಳ್ಳಿಹುಳಾನೂ ಗಂಜಿ ತಿನ್ನಾಕೇ ಬರತೈತಿ. ಅದಕ್ಕ ಊರಾಗಿದ್ದಾಗಲೇ ಸೆರಗು ಮ್ಯಾಲ ಹಿಡಿದು, ಒಡಲಷ್ಟೇ ತಣ್ಣೀರಾಗ ಎರಡು-ಮೂರು ಸಲ ಅದ್ದಿ ಗಂಜಿ ತಗಿ. ಸೆರಗು ಮುಳುಗಿಸಿದ್ರ ಕೆಂಪು ಬಣ್ಣ ಒಡಲಿಗೆ ಇಳೀಬಹುದು. ನೆರಳಾಗ ಒಣಗಿಸು.

ಪ್ಲಾಸ್ಟಿಕ್ ಚೀಲ ಬ್ಯಾಡ. ಕಿಮೋನೋ ಸುತ್ತೂ ತಾತೋಶಿ ಕಾಗದ ಸಿಗತೈತಿ, ಅದರಾಗ ಇಡು. ಕಾಗದಕ್ಕ ಕಂದು ಚುಕ್ಕಿ ಬಿದ್ರ ಬದಲಿಸು. ಗೋಡಿಯೊಳಗಿನ ಕಪಾಟಿಗೆ ಓಶಿಈರೆ ಅಂತಾರ. ಅದರ ಕೆಳಗಿನ ಅಂತಸ್ತಿನ್ಯಾಗ ಥಂಡಿ ಜಾಸ್ತಿ, ಮ್ಯಾಲಿಂದ್ರಾಗ, ಗೋಡಿಗೆ ತಾಗಧಂಗ ಇಡು. ಥಂಡಿ ಹೀರೂ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಟ್ರ ಕಪಾಟಿನ ನೆಲಕ್ಕ ಇಡು, ಸೀರಿಗಿಂತ ಮ್ಯಾಲ ಇಡಬ್ಯಾಡ. ಅದರಾಗ ತುಂಬಿದ ಉಪ್ಪುನೀರು ಚೆಲ್ಲಿದ್ರ ರೇಷ್ಮಿ ಕೆಡತೈತಿ.

ಇನ್ನ ಅರಿವಿಗೆ ಹುಳ ಹತ್ತಧಂಗ ಇಡೂ ಗುಳಿಗಿ ಮಾತು. ಇದನ್ನ ಎರಡು ಸಲ ಓದು. ನಮ್ಮ ಡಾಂಬರ ಗುಳಿಗಿ ನ್ಯಾಫ್ತಲೀನ್. ಇಲ್ಲಿ ಮಾರೂ ವಾಸನಿ ಗುಳಿಗ್ಯಾಗ ಪ್ಯಾರಾಡೈಕ್ಲೋರೋಬೆಂಜೀನ್ ಭಾಳ. ದೇವರ ಕರ್ಪೂರ ಮೂರನೇದು. ಒಂದೊಂದೇ ಇದ್ರ ಸುಮ್ಮನ ಆವಿ ಆಗತಾವ. ಎರಡು ಒಂದೇ ಕಪಾಟಿನ್ಯಾಗ ಕೂಡಿದ್ರ ಕರಗೂ ಉಷ್ಣತಾ ಇಳಿದು, ಕೋಣಿ ಸೆಕಿಗೇ ನೀರಾಗಿ ಅರಿವಿಗೆ ಇಳೀತಾವ. ನಮ್ಮವ್ವನ ಗಿರಿಕುಂಕುಮ ಸೀರಿ ಸೆರಗಿನ ಮ್ಯಾಲ ಅಂಗೈಯಷ್ಟು ಕಲಿ ಬಿತ್ತು, ಇವತ್ತಿಗೂ ಹೋಗಿಲ್ಲ. ಅವ್ವಗ ಹೇಳೂ ಧೈರ್ಯ ಆಗಲೇ ಇಲ್ಲ, ಈಗ ಆಕಿ ಇಲ್ಲ. ನೀ ಊರಿಂದ ಗುಳಿಗಿ ತರಲೇಬ್ಯಾಡ. ಸೀರಿಗೆ ಹಳೇ ವಾಸನಿ ಇದ್ರ ಪೂರ್ತಿ ಹೋಗೂ ತನಕ ಗಾಳಿಗೆ ಹಾಕು. ಆಮ್ಯಾಲ ವಾಸನಿ ಇಲ್ಲದ ಪೈರೆಥ್ರಾಯ್ಡ್ ಜಾತಿ ಹುಳದ ಔಷಧ ಅಷ್ಟೇ ಇಡು. ಅದು ಯಾವುದರ ಜೋಡಿಗೂ ಕರಗೂದಿಲ್ಲ.

ಗಾಳಿಗೆ ಹಾಕೂದಕ್ಕ ಇಲ್ಲಿ ಮುಶಿಬೋಶಿ ಅಂತಾರ. ಮಳಿ ಮುಗಿದ ಮ್ಯಾಲ ಒಮ್ಮೆ, ಅಕ್ಟೋಬರ್-ನವೆಂಬರ್‌ದಾಗ ಒಮ್ಮೆ, ಜನವರಿ-ಫೆಬ್ರವರಿ ಚಳ್ಯಾಗ ಒಮ್ಮೆ. ಎರಡು ದಿನ ಬಿಸಿಲು ಬಿದ್ದ ಮರುದಿನ, 10ರಿಂದ 2ರ ತನಕ, ಒಳಗ ನೆರಳಾಗ ಕಿಟಕಿ ತಗದು ಹರವು. ತಿರುಗಿ ಮಡಚೂವಾಗ ಹಳೇ ಮಡಿಕಿ ಬಿಟ್ಟು ಮಡಚು.

ಖಣ ಹೊಲಿಸದ ತಾ. ಕ್ಯೋಟೋದ ನೇಕಾರರ ಓಣಿ ನಿಶಿಜಿನ್‌ದಾಗ ಉಗುರಿಗೆ ಗರಗಸದಂಗ ಹಲ್ಲು ಮಾಡಿಕೊಂಡು ತ್ಸುಝುರೆ ಅನ್ನೂ ನೇಯ್ಗಿ ನೇಯೂವರು ಅದಾರ. ಅಂಥವರು ಸೆರಗು ತಿರುವಿ ಹಾಕಿ, ಈ ಹತ್ತಿ ಹಾಸಿನ ಎಳಿಗೆ ರೇಷ್ಮಿ ಹಾಸಿನ ಎಳಿ ಹೆಂಗ ಕೂಡಿಸೀರಿ ಅಂತ ಮೊದಲು ಕೇಳೂದೇ ಕೊಂಡಿ. ಬರೂಕಿಂತ ಮೊದಲ ಇಳಕಲ್ಲಿಗೆ ಹೋಗಿ ಕುಣಿಮಗ್ಗದ ಬಾಜೂಕ ಒಂದು ದಿನ ಕೂಡು. ಕೊಂಡಿ ಹಾಕೂದನ್ನ ಎಳಿ ಎಳಿ ನೋಡಿಕೊಂಡು ಬಾ.