ಅನುಭವ ಇಲ್ಲದ ನರ್ಸ್‌ಗೆ ಮೊದಲ ಕೆಲಸ ಹೇಗೆ ಸಿಗುತ್ತೆ?

ನರ್ಸಿಂಗ್ ಮುಗಿದು ಏಳು ತಿಂಗಳಾಯ್ತು, ರಿಜಿಸ್ಟ್ರೇಷನ್ ಕೂಡ ಆಗಿದೆ, ಹೋದಲ್ಲೆಲ್ಲ ಅನುಭವ ಕೇಳ್ತಾರೆ, ಕೆಲಸವೇ ಕೊಡದಿದ್ದರೆ ಅನುಭವ ಎಲ್ಲಿಂದ ತರಲಿ ಅಂತ ಕೇಳಿದ್ದೀರಿ. ನಾನು ಹದಿನಾರು ವರ್ಷದಿಂದ ವಾರ್ಡ್‌ನಲ್ಲಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಈಗ ಇಂಟರ್‌ವ್ಯೂಗೆ ನಾನೂ ಕೂರುತ್ತೇನೆ. ಆ ಕುರ್ಚಿಯಲ್ಲಿ ಕೂತು ನಡುಗಿದ್ದೂ ನೆನಪಿದೆ, ಎದುರು ಕೂತು ಪ್ರಶ್ನೆ ಕೇಳುವುದೂ ಗೊತ್ತು.

ಅನುಭವ ಕೇಳುವುದರ ಹಿಂದೆ ಇರುವುದು ಒಂದು ಭಯ. ಈ ಹುಡುಗಿಯನ್ನೋ ಹುಡುಗನನ್ನೋ ರಾತ್ರಿ ಡ್ಯೂಟಿಗೆ ಹಾಕಿದರೆ ರೋಗಿಗೆ ತೊಂದರೆ ಆಗಲ್ಲ ತಾನೇ? ನಿಮ್ಮ ರೆಸ್ಯೂಮೆ, ನಿಮ್ಮ ಮಾತು ಎರಡೂ ಈ ಭಯಕ್ಕೆ ಉತ್ತರ ಕೊಡಬೇಕು. ಅಂಕಪಟ್ಟಿ ಆ ಉತ್ತರ ಕೊಡಲ್ಲ. ಜಾಹೀರಾತಿನಲ್ಲಿ ಅನುಭವ ಬೇಕು ಅಂತ ಇದ್ದರೂ ಅರ್ಜಿ ಹಾಕಿ. ಜನ ಸಾಲದೆ ಬಂದಾಗ ಫ್ರೆಷರ್‌ಗಳನ್ನೂ ಕರೆಯುತ್ತಾರೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡನೇ ಇಂಟರ್‌ವ್ಯೂ. ಎಷ್ಟು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ್ದೀಯಾ ಅಂತ ಕೇಳಿದರು. "ತುಂಬಾ ಹಾಕಿದ್ದೀನಿ ಮೇಡಂ" ಅಂದೆ. ನಿಜವಾಗಿ ಹಾಕಿದ್ದು ಒಂಬತ್ತೋ ಹತ್ತೋ. ದೊಡ್ಡವರಿಗೆ ರಕ್ತ ಕೊಡೋಕೆ ಯಾವ ಗೇಜ್, ಅಂದರೆ ಎಷ್ಟು ದಪ್ಪದ್ದು ಅಂದರು. 24 ಅಂದುಬಿಟ್ಟೆ. ಅವರು ಟ್ರೇಯಿಂದ 24ರ ಹಳದಿ ಕ್ಯಾನುಲಾ ತೆಗೆದು ನನ್ನ ಮುಂದೆ ಇಟ್ಟರು. ಕೂದಲೆಳೆಯಂಥ ಸೂಜಿ, ಮಕ್ಕಳಿಗೆ ಹಾಕುವಂಥದ್ದು. ಪಕ್ಕದಲ್ಲೇ ಹಸಿರು 18, ಗುಲಾಬಿ 20 ಇಟ್ಟರು. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಸುಳ್ಳು ಹೇಳಿದ ಗಾಬರಿಗೆ ಮರೆತುಹೋಗಿತ್ತು. "ಹತ್ತು ಹಾಕಿದ್ದೀನಿ, ಸೀನಿಯರ್ ಪಕ್ಕದಲ್ಲಿದ್ದರು" ಅಂದಿದ್ದರೆ ಆ ಕೆಲಸ ಸಿಗುತ್ತಿತ್ತೋ ಏನೋ. ಈಗ ಹಾಗೆ ಹೇಳುವವರನ್ನು ಕಂಡರೆ ನನಗೆ ಸಮಾಧಾನ ಆಗುತ್ತೆ. ಗೊತ್ತಿಲ್ಲ ಅನ್ನೋಕೆ ಹಿಂಜರಿಯದವರು ವಾರ್ಡ್‌ನಲ್ಲೂ ಕೇಳಿ ಮಾಡುತ್ತಾರೆ.

ರೆಸ್ಯೂಮೆಯಲ್ಲಿ "ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ" ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ತೆಗೆದುಹಾಕಿ. ಬದಲಿಗೆ ಓದುವಾಗ ವಾರ್ಡ್‌ನಲ್ಲಿ ಮಾಡಿದ್ದನ್ನು ಬರೆದಿಟ್ಟ ಲಾಗ್‌ಬುಕ್ ಮುಂದಿಟ್ಟುಕೊಂಡು ಕೂತು, ಯಾವ ವಾರ್ಡ್‌ನ ಪೋಸ್ಟಿಂಗ್ ಎಷ್ಟು ವಾರ, ಆ ವಾರ್ಡ್‌ನಲ್ಲಿ ಎಷ್ಟು ಹಾಸಿಗೆ, ನೀವೇ ಕೈಯಾರೆ ಮಾಡಿದ್ದೇನು, ಬರೀ ನೋಡಿದ್ದೇನು ಅಂತ ಬಿಡಿಸಿ ಬರೆಯಿರಿ. ಕ್ಯಾಥೆಟರ್ ಎಷ್ಟು ಸಲ, ಡ್ರೆಸ್ಸಿಂಗ್ ಎಷ್ಟು, ಹೆರಿಗೆ ಎಷ್ಟು. ಈ ಲೆಕ್ಕವೇ ನಿಮ್ಮ ಅನುಭವ. ಒಂದೇ ಪುಟ ಸಾಕು.

ಬಿಎಲ್‌ಎಸ್ (ಹೃದಯ ನಿಂತಾಗ ಜೀವ ಉಳಿಸುವ ಮೂಲ ತರಬೇತಿ) ಕಾರ್ಡ್ ಇಲ್ಲದಿದ್ದರೆ ಮಾಡಿಸಿಕೊಳ್ಳಿ. ಇದ್ದರೆ ಅವಧಿ ನೋಡಿ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿಯುತ್ತೆ. ದೊಡ್ಡವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್‌ಗೆ ಕಡಿಮೆ ಇಲ್ಲದಂತೆ ಒತ್ತಬೇಕು, 30 ಒತ್ತಿದ ಮೇಲೆ ಎರಡು ಉಸಿರು. ಇದು ಬಾಯಲ್ಲಿ ಬಂದರೆ ಸಾಲದು, ಕೈಗೂ ಬರಬೇಕು. ಗೊಂಬೆ ಇಟ್ಟು ಮಾಡಿ ತೋರಿಸಿ ಅನ್ನುವವರೂ ಇದ್ದಾರೆ.

ಲೆಕ್ಕ ಅಂತೂ ಕೇಳೇ ಕೇಳುತ್ತಾರೆ. ನಾನು ಕೇಳುವುದು ಇದನ್ನೇ: 500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ? ಬಹಳ ಜನ ತಕ್ಷಣ ಪೆನ್ ಹಿಡಿಯುತ್ತಾರೆ. ಒಬ್ಬಳು ಮಾತ್ರ ಪೆನ್ ಮುಟ್ಟದೆ "ಸಿಸ್ಟರ್, ಸೆಟ್ ಯಾವುದು? ಕವರ್ ನೋಡಬಹುದಾ?" ಅಂದಳು. ಸೆಟ್ ಅಂದರೆ ಸಲೈನ್ ಇಳಿಸುವ ಪೈಪು; ಒಂದು ಎಂಎಲ್‌ಗೆ ಎಷ್ಟು ಹನಿ ಅಂತ ಅದರ ಕವರ್ ಮೇಲೆ ಅಚ್ಚಾಗಿರುತ್ತೆ. 20 ಹನಿಯ ಸೆಟ್ ಅಂದೆ. ನಿಧಾನವಾಗಿ 500ನ್ನು 20ರಿಂದ ಗುಣಿಸಿ, ನಾಲ್ಕು ಗಂಟೆಯ 240 ನಿಮಿಷದಿಂದ ಭಾಗಿಸಿ, ಹತ್ತಿರ ಹತ್ತಿರ 42 ಅಂದಳು. ಮೈಕ್ರೋ ಸೆಟ್ ಆಗಿದ್ದರೆ ಎಂಎಲ್‌ಗೆ 60 ಹನಿ, ಉತ್ತರವೇ ಬೇರೆ. ಆಕೆಯನ್ನು ಅವತ್ತೇ ತೆಗೆದುಕೊಂಡೆವು. ಅವಳಿಗಿಂತ ಬೇಗ ಲೆಕ್ಕ ಮಾಡಿದವರು ನಾಲ್ಕು ಜನ ಇದ್ದರು.

ಇನ್ನೊಂದು ಪ್ರಶ್ನೆಗೆ ತಯಾರಾಗಿ ಹೋಗಿ. ಮಧ್ಯರಾತ್ರಿ ಕೇಸ್ ಶೀಟ್‌ನಲ್ಲಿ ಬರೆದ ಡೋಸ್ ಜಾಸ್ತಿ ಅನ್ನಿಸುತ್ತೆ, ಡಾಕ್ಟರ್ ಫೋನ್ ಎತ್ತುತ್ತಿಲ್ಲ, ಏನು ಮಾಡ್ತೀರಿ? ಕೊಡುವುದಿಲ್ಲ, ಸೀನಿಯರ್‌ಗೆ ಹೇಳ್ತೀನಿ, ಡ್ಯೂಟಿಯಲ್ಲಿರುವ ಬೇರೆ ಡಾಕ್ಟರನ್ನು ಕರೆಯುತ್ತೀನಿ, ಎಷ್ಟು ಗಂಟೆಗೆ ಯಾರಿಗೆ ತಿಳಿಸಿದೆ ಅಂತ ಬರೆದಿಡ್ತೀನಿ. ಇಷ್ಟು ಬಂದರೆ ಸಾಕು. ಹಾಗೇ ಮನೆಯಲ್ಲಿ ಜೋರಾಗಿ ಹ್ಯಾಂಡೋವರ್ ಕೊಟ್ಟು, ಅಂದರೆ ರೋಗಿಯ ವಿಷಯ ಮುಂದಿನವರಿಗೆ ಒಪ್ಪಿಸಿ ಅಭ್ಯಾಸ ಮಾಡಿ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತೆ, ಏನು ಬೇಕು. ಎಸ್‌ಬಿಎಆರ್ ಅಂತ ಓದಿದ್ದೀರಲ್ಲ, ಅದೇ. ಒಂದು ನಿಮಿಷದಲ್ಲಿ ಮುಗಿಯಬೇಕು.

ಐಸಿಯು ಆದರೆ ಮಾತ್ರ ಅಂತ ಕಾಯುತ್ತಿದ್ದರೆ ಬಿಡಿ. ಜನರಲ್ ವಾರ್ಡ್ ಕೊಟ್ಟರೆ ಖುಷಿಯಿಂದ ಹೋಗಿ. ಅಲ್ಲಿ ಪ್ರತಿ ಹಾಸಿಗೆಗೂ ಮಾನಿಟರ್ ಇರಲ್ಲ. ಉಸಿರಾಟದ ವೇಗ, ಮುಖದ ಬಣ್ಣ, ಬೆಳಿಗ್ಗೆ ಮಾತಾಡಿದವರು ಮಧ್ಯಾಹ್ನ ಸುಮ್ನೆ ಮಲಗಿರೋದು, ಇದನ್ನೆಲ್ಲ ಕಣ್ಣೇ ಹಿಡಿಯಬೇಕು. ಹತ್ತಾರು ಜನರಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು ಅನ್ನೋದು ಅಲ್ಲೇ ಬರುತ್ತೆ. ಅಮೆರಿಕದ ನರ್ಸಿಂಗ್ ಚಿಂತಕಿ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ನರ್ಸ್ ಬೆಳೆಯುವ ದಾರಿಯನ್ನು ಐದು ಹಂತ ಮಾಡಿ ವಿವರಿಸಿದರು. ಮೂರನೆಯದು, ಅಂದರೆ ತಾನೇ ನಿಭಾಯಿಸಬಲ್ಲೆ ಅನ್ನುವ ಹಂತ. ಆ ಹಂತ ಮುಟ್ಟೋಕೇ ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕು ಅಂದರು. ಮೊದಲ ತಿಂಗಳಲ್ಲೇ ಎಲ್ಲ ಬರಲಿಲ್ಲ ಅಂತ ಅಳುವ ಹೊಸಬರಿಗೆ ನಾನು ಇದನ್ನೇ ಹೇಳೋದು.

ನೀವೂ ಅವರನ್ನು ಕೇಳಿ. ಎಷ್ಟು ವಾರ ಸೀನಿಯರ್ ಜೊತೆ ಹಾಕುತ್ತೀರಿ? ರಾತ್ರಿ ಒಬ್ಬರಿಗೆ ಎಷ್ಟು ರೋಗಿಗಳು? ಉತ್ತರ ಹಾರಿಸಿದರೆ ಯೋಚನೆ ಮಾಡಿ. ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ, ವಾಪಸ್ ತೆಗೆದುಕೊಂಡು ಬನ್ನಿ. ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ.

ಪೋಸ್ಟಿಂಗ್ ಮಾಡಿದ ವಾರ್ಡ್‌ನ ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡಿದ್ದೀರಾ? ನಿಮ್ಮ ಕೆಲಸ ಕಣ್ಣಾರೆ ನೋಡಿದವರು ಅವರು. ಸಂಕೋಚ ಬೇಡ. ಕ್ಲಾಸ್‌ಮೇಟ್‌ಗಳ ಜೊತೆಗೂ ಮಾತು ಬಿಡಬೇಡಿ. ಒಂದೇ ಪೋಸ್ಟ್‌ಗೆ ಎಲ್ಲರೂ ನಿಂತಾಗ ಮನಸ್ಸು ಸಣ್ಣದಾಗುತ್ತೆ, ನನಗೂ ಆಗಿತ್ತು. ಆದರೆ ನನ್ನ ಮೊದಲ ಕೆಲಸದ ಸುದ್ದಿ ಕೊಟ್ಟವಳು ನನ್ನ ಪಕ್ಕದ ಬೆಂಚಿನವಳು. ತನಗೆ ಬೇರೆ ಕಡೆ ಸಿಕ್ಕಿತು, ಇಲ್ಲಿ ಒಂದು ಜಾಗ ಖಾಲಿ ಇದೆ, ನಾಳೆಯೇ ಹೋಗು ಅಂದಳು.

ಲಾಗ್‌ಬುಕ್ ನೋಡಿ ರೆಸ್ಯೂಮೆ ಬರೆದ ಮೇಲೆ, ಹೆಸರು, ಫೋನ್ ನಂಬರ್ ತೆಗೆದು ಇಲ್ಲೇ ಕೆಳಗೆ ಹಾಕಿ. ಡ್ಯೂಟಿ ಮುಗಿಸಿ ಬಂದು ಓದುತ್ತೇನೆ, ಏನು ತಿದ್ದಬೇಕು ಅಂತ ಹೇಳುತ್ತೇನೆ.